ವೇಲ್ಸಿನ ಬಡವರು ಕಾಯ್ದ ನುಡಿ

ಒಂದು ನುಡಿಯು ಬಾಳಬೇಕಾದರೆ ಅದಕ್ಕೆ ಜನರ ಪ್ರೀತಿಯೊಂದೇ ಸಾಕೋ, ರಾಜ್ಯಾಧಿಕಾರದ ಮನ್ನಣೆಯೂ ಬೇಕೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಆಗಾಗ ಏಳುವುದುಂಟು. ಊಹೆಯಿಂದ ಉತ್ತರ ಹೇಳುವುದಕ್ಕಿಂತ ಚರಿತ್ರೆಯನ್ನು ಸಾಕ್ಷಿಗೆ ಕರೆಯುವುದು ಮೇಲು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ವೇಲ್ಸ್ ನಾಡನ್ನು ನಾವು ಇಂದು ಹಾಗೆ ಕರೆಯಲಿಚ್ಛಿಸುತ್ತೇವೆ.

ವೇಲ್ಸ್ ಎಂಬುದು ಇಂಗ್ಲೆಂಡಿನ ಪಡುವಣ ಮಗ್ಗುಲಲ್ಲಿರುವ ಗುಡ್ಡಗಾಡಿನ ನಾಡು. 1801ರ ಜನಗಣತಿಯಂತೆ ಅಲ್ಲಿದ್ದವರು ಆರು ಲಕ್ಷಕ್ಕೂ ಕಡಮೆ. ಕುರಿ ಸಾಕುವುದು, ಉಣ್ಣೆಯ ಕಾಲುಚೀಲ ಹೆಣೆಯುವುದು, ದನದ ಹಿಂಡುಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ಹೊಡೆದುಕೊಂಡು ಹೋಗುವುದು, ಇವು ಅವರ ಕಸುಬುಗಳು. ಅವರಲ್ಲಿ ಬಹುಜನರಿಗೆ ವೆಲ್ಷ್ ನುಡಿಯ ಹೊರತು ಬೇರೊಂದು ನುಡಿ ಬಾರದು. ಆದರೆ 1536ರ ಶಾಸನವು ನ್ಯಾಯಾಸ್ಥಾನದ ನುಡಿಯನ್ನು ಇಂಗ್ಲಿಷೆಂದು ಗೊತ್ತುಮಾಡಿ, ವೆಲ್ಷ್ ನುಡಿಯಲ್ಲೇ ವ್ಯವಹರಿಸುವವನಿಗೆ ಸರಕಾರಿ ಹುದ್ದೆಯಿಲ್ಲವೆಂದು ವಿಧಿಸಿಬಿಟ್ಟಿತ್ತು. ಅಂದಮೇಲೆ ಕುಲೀನ ಜಮೀನುದಾರರು ಇಂಗ್ಲಿಷಿನ ಕಡೆಗೆ ವಾಲಿದುದರಲ್ಲಿ ಆಶ್ಚರ್ಯವೇನು? ನುಡಿಯು ಬಡವನ ಗುಡಿಸಲಿನಲ್ಲಿ ಉಳಿಯಿತು.

ಬಡವನು ಅದನ್ನು ಹೇಗೆ ಕಾಯ್ದನೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಉತ್ತರ ವೇಲ್ಸಿನ ಬಾಲಾ ಎಂಬ ಚಿಕ್ಕ ಪಟ್ಟಣದಲ್ಲಿ ಥಾಮಸ್ ಚಾರ್ಲ್ಸ್ ಎಂಬ ಧರ್ಮೋಪದೇಶಕನಿದ್ದನು. ಅವನು ಊರೂರಿಗೆ ರವಿವಾರದ ಶಾಲೆಗಳನ್ನು ಹಬ್ಬಿಸಿದನು. ಅವು ಮಕ್ಕಳಿಗಷ್ಟೇ ಮೀಸಲಾಗಿರಲಿಲ್ಲ; ಆರು ದಿನ ದುಡಿದ ಆಳುಗಳೂ, ತಲೆ ನರೆತ ಮುದುಕರೂ ಏಳನೆಯ ದಿನ ಅಲ್ಲಿ ಕುಳಿತು ತಮ್ಮ ನುಡಿಯ ಅಕ್ಷರಗಳನ್ನು ಕಲಿತರು. ಓದಲು ಗ್ರಂಥವೂ ಇತ್ತು. 1588ರಲ್ಲಿ ವಿಲಿಯಂ ಮೋರ್ಗನ್ ಎಂಬ ಪಂಡಿತನು ಇಡಿಯ ಬೈಬಲನ್ನು ವೆಲ್ಷ್ ನುಡಿಗೆ ತಂದಿದ್ದನು. 1800ರಲ್ಲಿ ಮೇರಿ ಜೋನ್ಸ್ ಎಂಬ ನೇಕಾರನ ಮಗಳು ವರುಷಗಟ್ಟಲೆ ಕೂಡಿಟ್ಟ ಕಾಸನ್ನು ಕಟ್ಟಿಕೊಂಡು, ಒಂದು ಪ್ರತಿಗಾಗಿ ಸುಮಾರು 25 ಮೈಲಿ ಬರಿಗಾಲಿನಲ್ಲಿ ಬಾಲಾಕ್ಕೆ ನಡೆದುಹೋದಳು. ಇದನ್ನು ನಾವು ಕೇವಲ ಭಕ್ತಿಯ ಕಥೆಯೆಂದು ಎಣಿಸುವುದಿಲ್ಲ. ತನ್ನ ತಾಯ್ನುಡಿಯ ಪುಸ್ತಕಕ್ಕಾಗಿ ಒಂದು ಬಡ ಹುಡುಗಿಯು ಅಷ್ಟು ನಡೆಯುವ ನಾಡಿನಲ್ಲಿ ಆ ನುಡಿಯು ಸಾಯುವುದು ಸುಲಭವಲ್ಲ.

ಓದುವವರು ಹುಟ್ಟಿದ ಮೇಲೆ ಬರೆಯುವವರೂ ಹುಟ್ಟಿದರು. 1814ರಲ್ಲಿ ಸ್ವಾನ್ಸೀ ಪಟ್ಟಣದಿಂದ ಜೋಸೆಫ್ ಹ್ಯಾರಿಸನು ‘ಸೆರೆನ್ ಗೋಮರ್’ ಎಂಬ ಮೊತ್ತಮೊದಲ ವೆಲ್ಷ್ ವಾರಪತ್ರಿಕೆಯನ್ನು ಹೊರಡಿಸಿದನು. ಮರುವರ್ಷವೇ ಅದು ನಿಂತುಹೋಯಿತು. 1818ರಲ್ಲಿ ಮತ್ತೆ ಎದ್ದಿತು. ಪತ್ರಿಕೆ ನಡೆಸುವವರ ಕಷ್ಟವು ಎಲ್ಲ ನಾಡುಗಳಲ್ಲಿಯೂ ಒಂದೇ! ಕವಿಗಳು ಕೂಡಿ ಪಂಥಕಟ್ಟಿ ಹಾಡುವ ‘ಐಸ್ತೆದ್‌ವೊದ್’ ಎಂಬ ಪುರಾತನ ಸಮ್ಮೇಲನವೂ ಇದೇ ಕಾಲಕ್ಕೆ ಹೊಸ ಕಳೆ ಪಡೆಯಿತು. 1819ರ ಕಾರ್ಮಾರ್ದೆನ್ ಸಮ್ಮೇಲನದಲ್ಲಿ ಯೋಲೋ ಮೋರ್ಗಾನುಗ್ ಎಂಬ ಕಲ್ಲುಕುಟಿಗ ಕವಿಯು ತಾನು ಏರ್ಪಡಿಸಿದ ಕವಿಮಂಡಲದ ವಿಧಿಗಳನ್ನು ಅದಕ್ಕೆ ಜೋಡಿಸಿದನು.

ಇಲ್ಲಿ ಒಂದು ಸತ್ಯವನ್ನು ಮರೆಮಾಚುವುದು ನಮಗೆ ತರವಲ್ಲ. ಯೋಲೋ ಅತಿ ಪುರಾತನವೆಂದು ಹೇಳಿದ ಆ ವಿಧಿಗಳು ಅವನವೇ ಕಲ್ಪನೆಗಳು. ಅವನು ಹಳೆಯ ಕವಿಗಳ ಹೆಸರಿನಲ್ಲಿ ಮುಂದಿಟ್ಟ ಪದ್ಯಗಳಲ್ಲಿ ಹಲವು ಅವನೇ ಬರೆದವು. ಇಪ್ಪತ್ತನೆಯ ಶತಮಾನದ ವೆಲ್ಷ್ ವಿದ್ವಾಂಸರೇ ಇದನ್ನು ಬಯಲಿಗೆಳೆದರು. ಹೆಮ್ಮೆಯ ದಾವೆಗೆ ಖೊಟ್ಟಿ ದಸ್ತಾವೇಜು ಹಾಜರುಪಡಿಸಿದವನು ತನ್ನ ಪಕ್ಷವನ್ನೇ ದುರ್ಬಲಗೊಳಿಸುತ್ತಾನೆ. ನಿಜವಾದ ಹಳೆಯ ಕಾವ್ಯವು ಬೇಕಾದಷ್ಟಿದ್ದ ನಾಡಿಗೆ ಸುಳ್ಳಿನ ಹಂಗು ಏಕೆ ಬೇಕಾಗಿತ್ತು?

ಇತ್ತ ದಕ್ಷಿಣದ ಕಣಿವೆಗಳಲ್ಲಿ ಕಬ್ಬಿಣದ ಕುಲುಮೆಗಳು ಹೊತ್ತಿಕೊಂಡವು. ಮರ್ಥರ್ ಟಿಡ್‌ಫಿಲ್ ಊರಿಗೆ ಹಳ್ಳಿಗರು ಹಿಂಡುಹಿಂಡಾಗಿ ಕೂಲಿಗೆ ಬಂದರು. ಕೂಲಿ ಇಳಿದು, ಸಾಲದ ಕೋರ್ಟು ಮನೆಯ ಸಾಮಾನುಗಳನ್ನು ಜಪ್ತಿ ಮಾಡತೊಡಗಿದಾಗ, 1831ರ ಜೂನಿನಲ್ಲಿ ಜನರು ದಂಗೆ ಎದ್ದರು. ಸೈನಿಕರ ಗುಂಡಿಗೆ ಹದಿನಾರು ಮಂದಿಯಾದರೂ ಬಲಿಯಾದರು. ಒಬ್ಬ ಸೈನಿಕನ ಕಾಲಿಗೆ ಗಾಯಮಾಡಿದನೆಂಬ ಆರೋಪದ ಮೇಲೆ ಡಿಕ್ ಪೆಂಡೆರಿನ್ ಎಂಬ ತರುಣನಿಗೆ ಮರಣದಂಡನೆಯಾಯಿತು. ಇರಿದವನು ಇವನೇ ಎಂದು ಗಾಯಗೊಂಡ ಸೈನಿಕನು ಗುರುತಿಸಿರಲಿಲ್ಲ. ಸಾವಿರಾರು ಜನರು ಕ್ಷಮಾಯಾಚನೆಗೆ ರುಜು ಹಾಕಿದರು. ಆದರೂ 1831ರ ಆಗಸ್ಟ್ 13ರಂದು ಕಾರ್ಡಿಫಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಆರೋಪಿಯ ನುಡಿಯೊಂದು, ನ್ಯಾಯಾಧೀಶನ ನುಡಿ ಇನ್ನೊಂದು. ತನ್ನ ಜೀವದ ಮಾತನ್ನು ದುಭಾಷಿಯ ಬಾಯಿಂದ ಕೇಳಬೇಕಾದವನಿಗೆ ಸಿಕ್ಕುವ ನ್ಯಾಯವು ಎಂಥದೆಂಬುದನ್ನು ವಕೀಲ ವೃತ್ತಿಯವರಾದ ನಾವು ಬಲ್ಲೆವು. ಗಲ್ಲಿನ ಕೆಳಗೆ ಅವನು ಇದು ಅನ್ಯಾಯವೆಂದು ದೇವರಿಗೆ ಮೊರೆಯಿಟ್ಟನೆಂದೂ, ಆ ಮೊರೆಯು ವೆಲ್ಷ್ ನುಡಿಯಲ್ಲಿಯೇ ಇತ್ತೆಂದೂ ಜನರು ಇಂದಿಗೂ ನೆನೆಯುತ್ತಾರೆ.

ಇಂಥ ಗಲಭೆಗಳನ್ನು ಕಂಡ ಸರಕಾರವು ವೇಲ್ಸಿನ ವಿದ್ಯಾಭ್ಯಾಸವನ್ನು ವಿಚಾರಿಸಲು ಮೂವರು ಕಮಿಶನರರನ್ನು ಕಳುಹಿಸಿತು. ಮೂವರೂ ಇಂಗ್ಲಿಷರು, ಹೇಳಲು ಸಂಕೋಚವಾಗುತ್ತದೆ, ಮೂವರೂ ನಮ್ಮ ವೃತ್ತಿಯವರೇ. ಒಬ್ಬರಿಗೂ ವೆಲ್ಷ್ ಬಾರದು. ಅರಿಯದ ನುಡಿಯಲ್ಲಿ ಕೇಳಿದ ಪ್ರಶ್ನೆಗೆ ಮಕ್ಕಳು ಮೌನವಾಗಿ ನಿಂತರೆ ಅದನ್ನು ದಡ್ಡತನವೆಂದು ಬರೆದುಕೊಂಡರು. 1847ರಲ್ಲಿ ಹೊರಬಿದ್ದ ಅವರ ವರದಿಯು ಜನರ ನೀತಿಯನ್ನು ಹಳಿದು, ವೆಲ್ಷ್ ನುಡಿಯೇ ನಾಡಿನ ಏಳಿಗೆಗೆ ದೊಡ್ಡ ಅಡ್ಡಿಯೆಂದು ತೀರ್ಪಿತ್ತಿತು. ಶಾಲೆಗಳು ಹೀನಸ್ಥಿತಿಯಲ್ಲಿದ್ದುದು ನಿಜವೇ. ಆದರೆ ಔಷಧವಿಲ್ಲದ ರೋಗಿಗೆ ನಿನ್ನ ನಾಲಗೆಯೇ ರೋಗವೆಂದು ಹೇಳುವುದು ಯಾವ ವೈದ್ಯ? ‘ನೀಲಿ ಪುಸ್ತಕಗಳ ದ್ರೋಹ’ವೆಂದು ವೆಲ್ಷ್ ಜನರು ಆ ವರದಿಯನ್ನು ಇಂದಿಗೂ ಕರೆಯುತ್ತಾರೆ.

ಆ ಕಾಲದ ಹಲವು ಶಾಲೆಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುವರು. ಮತ್ತೊಂದು ಮಗು ತಾಯ್ನುಡಿಯಾಡಿದರೆ ಅದರ ಕೊರಳಿಗೆ ದಾಟಿಸುವರು. ಶಾಲೆ ಬಿಡುವ ಹೊತ್ತಿಗೆ ಯಾರ ಕೊರಳಲ್ಲಿ ಅದು ಉಳಿಯುವುದೋ ಅವರಿಗೆ ಛಡಿಯೇಟು. ಅದನ್ನು ಕಟ್ಟಿದವರು ಅನೇಕ ಕಡೆ ಪರಕೀಯರಲ್ಲ, ವೆಲ್ಷ್ ಉಪಾಧ್ಯಾಯರೇ. ಅದಕ್ಕೆ ಒಪ್ಪಿದವರು ವೆಲ್ಷ್ ತಾಯ್ತಂದೆಗಳೇ. ಇಂಗ್ಲಿಷು ಬಂದರೆ ಮಗನಿಗೆ ಅನ್ನ ಸಿಕ್ಕೀತೆಂಬುದು ಅವರ ಆಸೆ. ಆ ಆಸೆಯನ್ನು ನಾವು ನಿಂದಿಸಲಾರೆವು. ಆದರೆ ಒಂದು ನುಡಿಯನ್ನು ಕಲಿಸಲು ಇನ್ನೊಂದರ ವಿಷಯದಲ್ಲಿ ನಾಚಿಕೆಯನ್ನು ಕಲಿಸಬೇಕಾದುದಿಲ್ಲ. ಬಾಲಾದ ರವಿವಾರದ ಶಾಲೆಯು ಮುದುಕನಿಗೂ ಓದು ಕಲಿಸಿತು; ಮರದ ತುಂಡು ಮಗುವಿಗೆ ಅಂಜಿಕೆಯೊಂದನ್ನೇ ಕಲಿಸಿತು.

ಸಾಕ್ಷಿ ಮುಗಿಯಿತು; ಈಗ ತೀರ್ಪು. ಜನರ ಪ್ರೀತಿಯು ನುಡಿಯನ್ನು ಬದುಕಿಸಿತೆಂಬುದು ನಿರ್ವಿವಾದ. ಆದರೆ ಪ್ರಾರ್ಥನೆಗೂ ಮನೆಗೂ ಇದ್ದ ನುಡಿಗೆ ಕೋರ್ಟಿನಲ್ಲಿಯೂ ಕಚೇರಿಯಲ್ಲಿಯೂ ಎಡೆಯಿರಲಿಲ್ಲ. ಗಣಿಗಳಿಗೆ ಹೊರಗಿನಿಂದ ಬಂದವರ ನೆರೆಯೂ ಸೇರಿತು. 1901ರಲ್ಲಿ ನಾಡಿನ ಅರ್ಧದಷ್ಟು ಜನರು ವೆಲ್ಷ್ ಬಲ್ಲವರಾಗಿದ್ದರು. 2021ರ ಗಣತಿಯಲ್ಲಿ ಅವರು ಸುಮಾರು 5 ಲಕ್ಷ 38 ಸಾವಿರ, ಎಂದರೆ ಐದರಲ್ಲೊಂದು ಪಾಲಿಗಿಂತಲೂ ಕಡಮೆ. ಕೋರ್ಟಿನ ಬಾಗಿಲು ವೆಲ್ಷ್ ನುಡಿಗೆ ಅರೆಯಾಗಿ ತೆರೆದುದು 1942ರ ಶಾಸನದಿಂದ. ಅಧಿಕೃತ ಸ್ಥಾನ ದೊರೆತುದು 2011ರಲ್ಲಿ. ಡಿಕ್ ಪೆಂಡೆರಿನ್ ಸತ್ತು ಆಗ 180 ವರುಷಗಳಾಗಿದ್ದವು.

ಪ್ರೀತಿಯು ನುಡಿಗೆ ಉಸಿರು. ಅಧಿಕಾರವು ಅದಕ್ಕೆ ನೆಲ. ಒಂದಿದ್ದು ಇನ್ನೊಂದಿಲ್ಲದ ನುಡಿಯು ಕುಂಡದ ಗಿಡದಂತೆ. ನಮ್ಮ ವಾಚಕರಲ್ಲಿ ಬಹುಮಂದಿ ಉಪಾಧ್ಯಾಯರು. ನಾಳೆ ತರಗತಿಯಲ್ಲಿ ಮಗುವೊಂದು ಮನೆಯ ಮಾತನ್ನಾಡಿ ಅಂಜಿ ನಿಂತರೆ, ಅದರ ಕೊರಳಲ್ಲಿ ಕಾಣದ ಮರದ ತುಂಡೊಂದಿದೆಯೇ ಎಂದು ಒಮ್ಮೆ ನೋಡಬೇಕೆಂಬುದಿಷ್ಟೇ ಅವರಲ್ಲಿ ನಮ್ಮ ಬಿನ್ನಹ.