ಓದಿದ ಪುಟದ ಲೆಕ್ಕ ಯಾರ ಬಳಿ?

ಬೀದರ ಜಿಲ್ಲೆಯ ಗೋರ್ಟಾದ ಕಟ್ಟೆಯ ಮೇಲೆ ಕೂತು ಇ-ಪುಸ್ತಕದ ಗೋಪ್ಯತೆಯ ಮಾತು ತೆಗೆದರೆ, ‘ಅದು ಬೆಂಗಳೂರವರ ಚಿಂತಿ ಬಿಡ್ರಿ’ ಎಂಬ ಉತ್ತರ ಬಂದೀತು. ನಾನು ಒಪ್ಪುವುದಿಲ್ಲ. 1948ರ ಮೇ ತಿಂಗಳಲ್ಲಿ ನಿಜಾಮನ ಪರದ ರಜಾಕಾರರ ದಾಳಿಗೆ ಜನ ಬಲಿಯಾದ ಊರಿದು. ಆಗ ಈ ಊರು ಸೇರಿದ್ದ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿ ಸಭೆ ಸೇರಲು ಅಪ್ಪಣೆ ಬೇಕಿತ್ತು, ಹೊರಗಿನ ಎಷ್ಟೋ ಪತ್ರಿಕೆಗಳಿಗೆ ಪ್ರವೇಶವಿರಲಿಲ್ಲ. ಯಾರು ಏನು ಓದುತ್ತಾರೆಂಬ ಸುದ್ದಿಗೆ ಎಂಥ ಬೆಲೆಯಿದೆ ಎಂದು ಈ ಸೀಮೆಗೆ ಹೊಸದಾಗಿ ಹೇಳಬೇಕಿಲ್ಲ.

ಸಿಂಕ್ ಸೌಲಭ್ಯವೇನೋ ಒಳ್ಳೆಯದೇ. ಹುಮನಾಬಾದಿನ ಬಸ್ಸಿನಲ್ಲಿ ಫೋನಿನ ಮೇಲೆ ನಿಲ್ಲಿಸಿದ ಪುಟ ರಾತ್ರಿ ಅಮೆಜಾನ್‌ನ ಇ-ಓದಿನ ಯಂತ್ರ ಕಿಂಡಲ್‌ನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಅದರ ಜೊತೆಗೆ ಪುಟದ ಗುರುತು, ಗೆರೆ ಎಳೆದ ಸಾಲು, ಬರೆದಿಟ್ಟ ಟಿಪ್ಪಣಿ ಎಲ್ಲವೂ ಕಂಪನಿಯ ಸರ್ವರ್ ಮುಟ್ಟಿ ಬರುತ್ತವೆ. ಗ್ರಂಥಾಲಯದ ಖಾತೆ ಪುಸ್ತಕದಲ್ಲಿ ಒಯ್ದ ದಿನ, ತಂದ ದಿನ ಇರುತ್ತಿತ್ತು. ಯಾವ ಪುಟದಲ್ಲಿ ನಿಂತಿರಿ ಎಂದು ಯಾವ ಗ್ರಂಥಪಾಲಕನೂ ಬರೆದುಕೊಳ್ಳಲಿಲ್ಲ. ಲೆಕ್ಕ ಹೋಗುವ ದಾರಿಯಲ್ಲೇ ಪುಸ್ತಕವೂ ಹೋಗಬಹುದು. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದ ಆರ್ವೆಲ್‌ನ ‘1984’ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಣ ವಾಪಸು ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಆಳುವವರ ಕಣ್ಗಾವಲಿನ ಕಥೆಯಲ್ಲದ ಬೇರೆ ಪುಸ್ತಕವಾಗಿದ್ದರೆ ಆಗ ಎದ್ದಷ್ಟು ಗದ್ದಲ ಏಳುತ್ತಿತ್ತೋ ಇಲ್ಲವೋ.

ಕಂಪನಿಯ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಒಂದೇ ಖಾತೆಗೆ ನಾಲ್ಕು ಮಂದಿ. ಮಾವ 200ನೇ ಪುಟಕ್ಕೆ ಹೋಗಿದ್ದರೆ, ಅದೇ ಪುಸ್ತಕದ 30ರಲ್ಲಿರುವ ಸೊಸೆಗೆ ‘200ನೇ ಪುಟಕ್ಕೆ ಹೋಗಲೇ?’ ಎಂದು ಯಂತ್ರ ಕೇಳುತ್ತದೆ. ನಗುವ ವಿಷಯ. ಆದರೆ ಆಕೆ ವಿಚ್ಛೇದನದ ಕಾನೂನಿನ ಪುಸ್ತಕ ಕೊಂಡಳೆನ್ನಿ. ಅದರ ಮುಖಪುಟ ಮಾವನ ಫೋನಿನಲ್ಲೂ ಮೂಡುತ್ತದೆ, ಆಕೆ ಗೆರೆ ಎಳೆದ ಸಾಲುಗಳೂ ಅಲ್ಲೇ. ‘ಮುಚ್ಚಿಡುವುದು ಏನಿದೆ?’ ಎಂದು ಕೇಳುವವರು ಸಾಮಾನ್ಯವಾಗಿ ಆ ಮನೆಯ ಮಾವಂದಿರು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಎಂದಿತು. ದಾವೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ಕಾಯ್ದೆ ಒಪ್ಪಿಗೆ ಪಡೆಯಿರಿ, ಆ ಕೋರಿಕೆಯನ್ನು ಕನ್ನಡದಲ್ಲೂ ಓದಲು ಬಿಡಿ ಎನ್ನುತ್ತದೆ. ಒಳ್ಳೆಯದು. ಆದರೆ ಒಪ್ಪದಿದ್ದರೆ ಪುಸ್ತಕವೇ ತೆರೆಯದು ಎಂದಾದಾಗ ಅದನ್ನು ಒಪ್ಪಿಗೆ ಎನ್ನುವುದು ಹೇಗೆ? ನಿಲ್ಲಿಸಿದಲ್ಲಿಂದ ಓದು ಮುಂದುವರಿಸಲು ಸಿಂಕ್‌ಗೆ ಬೇಕಿರುವುದು ಕೊನೆಗೆ ಓದಿದ ಪುಟದ ಒಂದು ಅಂಕಿ. ಅದನ್ನೂ ಕಂಪನಿ ಓದಲಾಗದಂತೆ ಗೂಢಲಿಪಿಯಲ್ಲಿ ಕಳಿಸಬಹುದು. ಕೋರೀಡರ್ ಎಂಬ ಉಚಿತ ತಂತ್ರಾಂಶದಲ್ಲಂತೂ ಸಿಂಕ್ ಸರ್ವರನ್ನು ನಾವೇ ಇಟ್ಟುಕೊಳ್ಳಲು ಬರುತ್ತದೆ. ಆಗದ ಕೆಲಸವಲ್ಲ, ಮಾಡುವ ಮನಸ್ಸಿಲ್ಲ.

2016ರ ಕೊನೆಗೆ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಹಾಗಾಗಿ ನಮ್ಮ ಇ-ಓದು ಫೋನಿನ ಆ್ಯಪ್‌ಗಳಲ್ಲೇ ಬೆಳೆದಿದೆ. ಇವುಗಳನ್ನು ನಡೆಸುವವರು ನಮ್ಮ ಮಾತು ಕೇಳುವಷ್ಟು ಹತ್ತಿರದವರು. ಅವರ ಭಯ ನಕಲಿನದು. ಸಾವಿರ ಪ್ರತಿ ಅಚ್ಚು ಹಾಕಿ ಮಾರಲು ಹೆಣಗುವ ಪ್ರಕಾಶಕರಿಗೆ ವಾಟ್ಸಾಪಿನ ಪಿಡಿಎಫ್ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಅದಕ್ಕೆ ಓದುಗರ ಬೆನ್ನು ಹತ್ತಬೇಕಿಲ್ಲ. ಕೊಂಡವರ ಹೆಸರನ್ನು ಫೈಲಿನೊಳಗೇ ಅಚ್ಚೊತ್ತಿ ಕೈಗೆ ಕೊಟ್ಟುಬಿಡುವ ಪದ್ಧತಿಯಿದೆ. ಆಗ ಹಂಚಿದ ಪ್ರತಿ ಯಾರದೆಂದು ಗೊತ್ತಾಗುತ್ತದೆ, ಕೊಂಡವರು ಎಷ್ಟು ಓದಿದರೆಂದು ಗೊತ್ತಾಗುವುದಿಲ್ಲ.