ಸಾಲು ಸೋಸುವಿಕೆ ಮತ್ತು ಶಾಸನದ ಓದು: ಕುಂದಾಣದ ನಿದರ್ಶನ

ಹೊಯ್ಸಳ ಸೋಮೇಶ್ವರನ ತರುವಾಯ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಮೂರನೆಯ ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ಕಣ್ಣನೂರು. ಪಾಂಡ್ಯರ ಒತ್ತಡದಿಂದ ಕಣ್ಣನೂರು ಕೈತಪ್ಪಿದ ಮೇಲೆ ರಾಮನಾಥನು ನೆಲೆಗೊಂಡ ಕುಂದಾಣಿ ಯಾವುದು? ದೇವನಹಳ್ಳಿ ತಾಲ್ಲೂಕಿನ ಕುಂದಾಣವೆಂದು ಕೆಲವರು, ತಮಿಳುನಾಡಿನ ಕೃಷ್ಣಗಿರಿ ಭಾಗದ ಕುಂದಾಣಿಯೆಂದು ಕೆಲವರು ವಾದಿಸಿದ್ದಾರೆ.

ಇಂಥ ಪ್ರಶ್ನೆ ಎದುರಾದಾಗ ಇಂದಿನ ಸಂಶೋಧಕರು ಗಣಕೀಕೃತ ಶಾಸನಪಾಠವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಒಂದು ಅಕ್ಷರವಿನ್ಯಾಸವನ್ನು ಕೊಟ್ಟು, ಅದಕ್ಕೆ ಹೊಂದುವ ಸಾಲುಗಳನ್ನಷ್ಟೇ ಸೋಸಿ ತೆಗೆಯುತ್ತಾರೆ. 1970ರ ದಶಕದಲ್ಲಿ ಯೂನಿಕ್ಸ್ ವ್ಯವಸ್ಥೆಯ 'ಗ್ರೆಪ್' ಆದೇಶದಿಂದ ರೂಢಿಗೆ ಬಂದ ಈ ವಿಧಾನವು ತಿಂಗಳುಗಳ ಶ್ರಮವನ್ನು ಕ್ಷಣಕ್ಕೆ ಇಳಿಸುತ್ತದೆ. ಆದರೆ ಕನ್ನಡ ಲಿಪಿಯ ಸ್ವರೂಪವನ್ನು ಅರಿಯದೆ ಬಳಸಿದರೆ ಇದು ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ.

ಯೂನಿಕೋಡಿನಲ್ಲಿ ಗುಣಿತ ಚಿಹ್ನೆಯು ವ್ಯಂಜನದ ನಂತರ ಬರುವ ಪ್ರತ್ಯೇಕ ಸಂಕೇತ. ಆದ್ದರಿಂದ 'ಕುಂದಾಣ' ಎಂದು ಹುಡುಕಿದರೆ 'ಕುಂದಾಣಿ'ಯ ಸಾಲುಗಳೂ ಸಾಮಾನ್ಯವಾಗಿ ಸೇರಿಬರುತ್ತವೆ. ಯಾವ ಎರಡು ರೂಪಗಳನ್ನು ಬೇರ್ಪಡಿಸಬೇಕಿತ್ತೋ ಅವೇ ಒಂದಾಗುತ್ತವೆ. ಇನ್ನೊಂದೆಡೆ, ಶಾಸನದಲ್ಲಿ ಅನುಸ್ವಾರಕ್ಕೆ ಬದಲು ಅನುನಾಸಿಕವಿದ್ದು 'ಕುನ್ದಾಣಿ' ಎಂದಿದ್ದರೆ ಆ ಸಾಲು ಜಾರಿಹೋಗುತ್ತದೆ. 'ಕು(ಂ|ನ್)ದಾಣ' ಎಂಬ ವಿನ್ಯಾಸ ಎರಡನ್ನೂ ಹಿಡಿಯಬಲ್ಲದು. ರೇಫದ ಮುಂದಿನ ದ್ವಿತ್ವ, ೞಕಾರ ಱಕಾರಗಳ ವ್ಯತ್ಯಾಸಗಳಿಗೂ ಇದೇ ಎಚ್ಚರ ಬೇಕು. ಹಳೆಯ ನುಡಿ, ಬರಹ ಫಾಂಟುಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಹುಡುಕಿದರೆ ಏನೂ ದೊರೆಯದು.

ಇದಕ್ಕಿಂತ ಮುಖ್ಯವಾದುದು ಸಾಲಿನ ಕಲ್ಪನೆ. ಶಾಸನದ ಸಾಲು ಮುಗಿಯುವುದು ಕಲ್ಲಿನ ಅಂಚಿನಲ್ಲಿ, ಅರ್ಥದ ಕೊನೆಯಲ್ಲಲ್ಲ. 'ಕುಂದಾ' ಒಂದು ಸಾಲಿನ ಕೊನೆಗೂ 'ಣಿ' ಮರುಸಾಲಿನ ಮೊದಲಿಗೂ ಬಿದ್ದರೆ ಸೋಸುವಿಕೆಗೆ ಆ ಊರೇ ಇಲ್ಲ. ಸಂಪಾದಕರು ಊಹಿಸಿ ತುಂಬಿದ ಅಕ್ಷರಗಳ ಆವರಣ ಚಿಹ್ನೆಗಳೂ ಪದವನ್ನು ಒಡೆಯುತ್ತವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ (1905) ಮೊದಲಾದ ಆಕರಗಳನ್ನು ಗಣಕಕ್ಕೆ ಅಳವಡಿಸುವಾಗ ಸಾಲು ಸಂಖ್ಯೆಯುಳ್ಳ ಪ್ರತಿಯೊಂದನ್ನೂ ಸಾಲು ಕೂಡಿಸಿದ ಪ್ರತಿಯೊಂದನ್ನೂ ಇಟ್ಟುಕೊಳ್ಳುವುದು ಅಗತ್ಯ.

'ಶಾಸನಗಳಲ್ಲಿ ಈ ರೂಪ ಕಾಣುವುದಿಲ್ಲ' ಎಂಬ ಮಾತು ಪ್ರಬಂಧಗಳಲ್ಲಿ ಬಂದಾಗ, ಯಾವ ಪಠ್ಯದಲ್ಲಿ, ಯಾವ ವಿನ್ಯಾಸದಿಂದ ಹುಡುಕಲಾಯಿತೆಂಬುದೂ ದಾಖಲಾಗಬೇಕು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಗ್ರಂಥಸಂಪಾದನೆಯ ಶಿಸ್ತು ಇಲ್ಲಿಗೂ ಅನ್ವಯಿಸುತ್ತದೆ. ಗ್ರಂಥಸಂಪಾದನಾ ಪತ್ರಿಕೆಯಲ್ಲಿಯೇ ಇದನ್ನು ಬೋಧಿಸುವುದು ಕನ್ನಡ ವಿಭಾಗಗಳ ಹೊಣೆ. ಸೋಸಿದ ಸಾಲುಗಳು ಕುಂದಾಣದ ಪ್ರಶ್ನೆಯನ್ನು ತೀರ್ಮಾನಿಸಲಾರವು. ಓದಬೇಕಾದ ಶಾಸನಗಳು ಯಾವುವೆಂಬುದನ್ನಷ್ಟೇ ತೋರಿಸಬಲ್ಲವು.