ತೆರೆ ದೊಡ್ಡದಾದರೆ ಆಟ ದೊಡ್ಡದಾಗುವುದೇ?

ಕಾರವಾರದಿಂದ ಕದ್ರಾ ಮಾರ್ಗವಾಗಿ ಜೋಯಿಡಾದ ಕಡೆಗೆ ಹೋಗುವವರು ಘಟ್ಟವನ್ನೇರಿ ಮುಗಿಸಿದೊಡನೆ ಅಣಶಿ ಎಂಬ ಪುಟ್ಟ ಊರನ್ನು ಕಾಣುವರು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿರುವ ದಟ್ಟವಾದ ಅರಣ್ಯವು ಆ ಊರನ್ನು ಸುತ್ತುವರಿದಿದೆ. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿಯ ಹುಡುಗರಿಗೆ ಬಯಲಿನ ಆಟವೆಂಬುದು ದುರ್ಲಭ. ಆ ಊರಿನ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ಬೇಸಿಗೆಯ ರಜೆಗೆ ಮುನ್ನ ನಮ್ಮ ಬಳಿಗೆ ಬಂದು, "ಸರ್, ಮನೆಗೆ ಟಿ.ವಿ. ತರಬೇಕೆಂದಿದ್ದೇವೆ. ಅಣ್ಣ ಗೋವೆಯಿಂದ ಆಟದ ಯಂತ್ರ ತಂದಿದ್ದಾನೆ. ಅಂಗಡಿಯವರು ಅರವತ್ತೈದು ಇಂಚಿನದೇ ಆಗಬೇಕು ಅನ್ನುತ್ತಾರೆ. ಎಷ್ಟು ಇಂಚಿನದು ತರೋಣ?" ಎಂದು ಕೇಳಿದನು. ಹಣದ ವಿಷಯವನ್ನು ವಿಚಾರಿಸಲಾಗಿ, ಮಳೆಗೆ ಮುಂಚೆ ಮಾಡಿನ ಹಂಚು ಬದಲಿಸಲೆಂದು ಅವನ ತಂದೆಯವರು ಕೂಡಿಟ್ಟಿದ್ದ ಅಡಕೆಯ ಹಣದಲ್ಲಿಯೇ ಇದೂ ಆಗಬೇಕಾಗಿದೆಯೆಂದು ತಿಳಿಯಿತು.

ಇಂದು ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತಿದೆ. ಆದರೆ ‘ಎಷ್ಟು ಇಂಚು’ ಎಂಬಲ್ಲಿಂದ ತೊಡಗುವುದು ಲೆಕ್ಕವನ್ನು ಕೊನೆಯ ಸಾಲಿನಿಂದ ಬರೆಯತೊಡಗಿದಂತೆ ಎಂಬುದು ನಮ್ಮ ಅಭಿಪ್ರಾಯ. ಆಟಕ್ಕಾಗಿ ಟೆಲಿವಿಷನ್ ಕೊಳ್ಳುವವನು ಮೊದಲು ತಿಳಿಯಬೇಕಾದುವು ಮೂರು: ತಾನು ಕುಳಿತುಕೊಳ್ಳುವ ದೂರ, ತನ್ನ ಯಂತ್ರವು ಕಳುಹಿಸುವ ಚಿತ್ರದ ಬಗೆ, ಗುಂಡಿಯನ್ನೊತ್ತಿದ ಕ್ಷಣಕ್ಕೂ ಅದರ ಫಲವು ತೆರೆಯ ಮೇಲೆ ಕಾಣುವ ಕ್ಷಣಕ್ಕೂ ನಡುವಣ ವಿಳಂಬ. ತೆರೆಯ ಅಳತೆಯು ಇವುಗಳ ತರುವಾಯ ಬರತಕ್ಕದ್ದು. ಈ ಮೂರನ್ನೂ ಪರೀಕ್ಷಿಸಲು ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಮೊದಲು ದೂರವನ್ನು ತೆಗೆದುಕೊಳ್ಳೋಣ. ಅಂಗಡಿಯಲ್ಲಿ ಹೇಳುವ ಅಂಗುಲವು ತೆರೆಯ ಕರ್ಣದ ಉದ್ದ. ಇಂದಿನ ತೆರೆಗಳ ಅಗಲ ಮತ್ತು ಎತ್ತರಗಳ ಪ್ರಮಾಣವು 16:9 ಆಗಿರುವುದರಿಂದ, 65 ಅಂಗುಲದ ತೆರೆಯ ಅಗಲವು ಸುಮಾರು 144 ಸೆಂಟಿಮೀಟರ್, 43 ಅಂಗುಲದ್ದು ಸುಮಾರು 95 ಸೆಂಟಿಮೀಟರ್. ಆದರೆ ಕಣ್ಣಿಗೆ ಸೆಂಟಿಮೀಟರಿನ ಪರಿವೆಯಿಲ್ಲ. ಅದು ಅರಿಯುವುದು ಕೋನವನ್ನು. ಚಂದ್ರನಿಗಿಂತ ಸೂರ್ಯನು ವ್ಯಾಸದಲ್ಲಿ ಸುಮಾರು 400 ಪಟ್ಟು ದೊಡ್ಡವನಾದರೂ ಆಕಾಶದಲ್ಲಿ ಇಬ್ಬರೂ ಒಂದೇ ಗಾತ್ರದವರಾಗಿ ಕಾಣುವುದು ಇದೇ ಕಾರಣದಿಂದಲ್ಲವೆ? ನಮ್ಮ ವಿದ್ಯಾರ್ಥಿಯ ಮನೆಯ ಜಗಲಿಯಲ್ಲಿ ಗೋಡೆಯಿಂದ ಕುಳಿತುಕೊಳ್ಳುವ ಸ್ಥಳಕ್ಕೆ 8 ಅಡಿ. ಅಲ್ಲಿಂದ 65 ಅಂಗುಲದ ತೆರೆಯು ಕಣ್ಣಿನಲ್ಲಿ ಸುಮಾರು 33 ಡಿಗ್ರಿ ಕೋನವನ್ನು ತುಂಬುವುದು. 43 ಅಂಗುಲದ್ದು 22 ಡಿಗ್ರಿಯನ್ನು. ಆದರೆ ಆಡುವವನು ತನ್ನ ಚಾಪೆಯನ್ನು ಮುಂದಕ್ಕೆ ಎಳೆದುಕೊಂಡು ಐದೂಕಾಲು ಅಡಿಯಲ್ಲಿ ಕುಳಿತನೆಂದರೆ, ಸದೃಶ ತ್ರಿಭುಜಗಳ ನಿಯಮದಂತೆ, 43 ಅಂಗುಲದ ತೆರೆಯು 8 ಅಡಿ ದೂರದ 65 ಅಂಗುಲದ ತೆರೆಗೆ ಸಮಾನವಾಗುವುದು. ಚಾಪೆಯನ್ನೆಳೆಯಲು ಖರ್ಚಿಲ್ಲ.

ಹತ್ತಿರ ಕುಳಿತರೆ ಕಣ್ಣು ಕೆಡುವುದೆಂದು ಹಿರಿಯರು ಗದರಿಸಬಹುದು. ಐದೂಕಾಲು ಅಡಿಯು ನಾವು ಪುಸ್ತಕವನ್ನು ಹಿಡಿದು ಓದುವ ದೂರದ ನಾಲ್ಕೈದು ಪಟ್ಟು ಎಂಬುದನ್ನು ಅವರಿಗೆ ವಿನಯದಿಂದ ತಿಳಿಸಬಹುದು. ಕಣ್ಣನ್ನು ದಣಿಸುವುದು ಎವೆಯಿಕ್ಕದೆ ಗಂಟೆಗಟ್ಟಲೆ ನೋಡುವ ಅಭ್ಯಾಸವೇ ಹೊರತು ಈ ದೂರವಲ್ಲ.

ಎರಡನೆಯದಾಗಿ, ಚಿತ್ರದ ಸೂಕ್ಷ್ಮತೆ. ತೆರೆಯ ಚಿತ್ರವು ಪಿಕ್ಸೆಲ್ ಎಂದು ಕರೆಯಲ್ಪಡುವ ಚಿತ್ರಬಿಂದುಗಳ ಜೋಡಣೆಯಷ್ಟೆ. ‘ಫುಲ್ ಎಚ್‌ಡಿ’ ಎಂಬುದರಲ್ಲಿ ಅಗಲಕ್ಕೆ 1,920, ಎತ್ತರಕ್ಕೆ 1,080 ಬಿಂದುಗಳು. ‘4ಕೆ’ ಎಂಬುದರಲ್ಲಿ ಎರಡು ಕಡೆಗೂ ಇದರ ಇಮ್ಮಡಿ, ಎಂದರೆ ಒಟ್ಟು 82,94,400 ಬಿಂದುಗಳು. ಬಿಂದುಗಳು ಹೆಚ್ಚಿದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಆದರೆ ಆರೋಗ್ಯವಂತ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಸಾಮಾನ್ಯವಾಗಿ ಒಂದು ಡಿಗ್ರಿಯ 60ನೆಯ ಒಂದು ಭಾಗದಷ್ಟಾದರೂ ಕೋನವಿರಬೇಕು. ಲೆಕ್ಕಕ್ಕೆ ಸುಲಭವಾದ ಸೂತ್ರವಿದು: ನೋಡುವ ದೂರವನ್ನು 3,438ರಿಂದ ಭಾಗಿಸಿದರೆ ಬರುವುದೇ ಕಣ್ಣು ಬಿಡಿಸಿ ಕಾಣಬಲ್ಲ ಅತ್ಯಲ್ಪ ಅಂತರ. 8 ಅಡಿ, ಎಂದರೆ ಸುಮಾರು 2.4 ಮೀಟರ್ ದೂರದಲ್ಲಿ ಇದು 0.7 ಮಿಲಿಮೀಟರ್. 43 ಅಂಗುಲದ ತೆರೆಯಲ್ಲಿ ಫುಲ್ ಎಚ್‌ಡಿ ಚಿತ್ರದ ಬಿಂದುವು 0.5 ಮಿಲಿಮೀಟರಿನಷ್ಟೇ ಇರುವುದು. ಆ ದೂರದಿಂದ ಅದನ್ನೇ ಬಿಡಿಸಿ ಕಾಣಲಾರದ ಕಣ್ಣಿಗೆ ಅದರ ಅರ್ಧದಷ್ಟಿರುವ 4ಕೆ ಬಿಂದುವಿನಿಂದ ದೊರೆಯುವ ಲಾಭ ಅತ್ಯಲ್ಪ. ಐದೂಕಾಲು ಅಡಿಗೆ ಬಂದಾಗಲೂ ಫುಲ್ ಎಚ್‌ಡಿ ಬಿಂದುವು ಕಣ್ಣಿನ ಶಕ್ತಿಯ ಅಂಚಿನಲ್ಲಿಯೇ ಇರುವುದು. ಇನ್ನು ‘8ಕೆ’ ಎಂಬುದಕ್ಕೆ ಮನೆಯ ಜಗಲಿಯಲ್ಲಿ ಹಣ ಸುರಿಯುವುದು ಕಾಣದ ವಸ್ತುವನ್ನು ಕೊಂಡಂತೆ.

ಇಲ್ಲಿಯೇ ಮತ್ತೊಂದು ವಿಷಯವನ್ನು ಕೇಳಬೇಕು. ತೆರೆಗೆ ಚಿತ್ರವನ್ನು ಕೊಡುವ ಯಂತ್ರ ಯಾವುದು? ನಮ್ಮ ವಿದ್ಯಾರ್ಥಿಯ ಅಣ್ಣನು ತಂದಿದ್ದುದು 2013ರಲ್ಲಿ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 4. ಅದರ ಸಾಧಾರಣ ಮಾದರಿಯು ಆಟಗಳನ್ನು ಹೆಚ್ಚೆಂದರೆ ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 60 ಚಿತ್ರಗಳಂತೆ ಟೆಲಿವಿಷನ್ನಿಗೆ ಕಳುಹಿಸುವುದು. 2020ರಲ್ಲಿ ಹೊರಬಂದ ಪ್ಲೇಸ್ಟೇಷನ್ 5 ಹಾಗೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಗಳು 4ಕೆ ಚಿತ್ರವನ್ನು ಸೆಕೆಂಡಿಗೆ 120ರವರೆಗೆ ಕಳುಹಿಸಬಲ್ಲವು. ಇಂಥ ಯಂತ್ರವುಳ್ಳವರಿಗೆ ಸೆಕೆಂಡಿಗೆ 120 ಬಾರಿ ಚಿತ್ರವನ್ನು ಬದಲಿಸುವ ತೆರೆಯಿಂದ ನಿಜವಾದ ಪ್ರಯೋಜನವುಂಟು. ತೆರೆಯ ಅಗಲವನ್ನು ಒಂದು ಸೆಕೆಂಡಿನಲ್ಲಿ ದಾಟುವ ಚೆಂಡನ್ನು ಕಣ್ಣು ಹಿಂಬಾಲಿಸುವಾಗ, ಪ್ರತಿಯೊಂದು ಚಿತ್ರವೂ ಮುಂದಿನದು ಬರುವವರೆಗೆ ಅಲುಗದೆ ನಿಲ್ಲುವುದರಿಂದ ಚೆಂಡು ಬಳಿದಂತೆ ಕಾಣುವುದು. 1,920 ಬಿಂದುಗಳ ಅಗಲದಲ್ಲಿ ಈ ಮಸಕು 60 ಚಿತ್ರಗಳಿಗೆ 32 ಬಿಂದುಗಳಷ್ಟಿದ್ದರೆ 120 ಚಿತ್ರಗಳಿಗೆ 16 ಬಿಂದುಗಳಿಗೆ ಇಳಿಯುವುದು. ಆದಕಾರಣ ಹೊಸ ಯಂತ್ರದ ಆಟಗಳಲ್ಲಿ ‘ಹೆಚ್ಚು ಸೂಕ್ಷ್ಮತೆ’ ಮತ್ತು ‘ಹೆಚ್ಚು ವೇಗ’ ಎಂಬೆರಡರಲ್ಲಿ ಒಂದನ್ನು ಆಯುವ ಅವಕಾಶವಿದ್ದರೆ, ದೂರದಲ್ಲಿ ಕುಳಿತು ಆಡುವವರು ವೇಗವನ್ನೇ ಆಯುವುದು ಲೇಸು.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಪೆಟ್ಟಿಗೆಯ ಮೇಲೆ ‘ಮೋಷನ್ 200’, ‘240’ ಮುಂತಾಗಿ ಅಚ್ಚು ಮಾಡಿದ ಸಂಖ್ಯೆಗಳು ತೆರೆಯು ಬದಲಾಗುವ ನಿಜವಾದ ವೇಗವಾಗಿರಲಾರವು. ಅಂಥ ತೆರೆಯ ವೇಗವು ಅನೇಕ ವೇಳೆ 60 ಇಲ್ಲವೆ 120 ಮಾತ್ರ. ಎರಡನೆಯದು, 4ಕೆ ಚಿತ್ರವನ್ನು 120ರ ವೇಗದಲ್ಲಿ, ಬಿಂದುವೊಂದಕ್ಕೆ 24 ಬಿಟ್‌ಗಳಂತೆ ಸಾಗಿಸಬೇಕಾದರೆ ಸೆಕೆಂಡಿಗೆ ಸುಮಾರು 2,390 ಕೋಟಿ ಬಿಟ್‌ಗಳು ತಂತಿಯಲ್ಲಿ ಹರಿಯಬೇಕು. ಎಚ್‌ಡಿಎಂಐ 2.0 ಎಂಬ ಹಳೆಯ ಬಗೆಯ ಜೋಡಣೆಯ ಮಿತಿ 1,800 ಕೋಟಿ, 2.1 ಎಂಬುದರದು 4,800 ಕೋಟಿ. ಆದ್ದರಿಂದ ಟೆಲಿವಿಷನ್ನಿನ ಹಿಂಬದಿಯ ತೂತು ಯಾವ ಬಗೆಯದೆಂದು ನೋಡದೆ 120 ಎಂಬ ಸಂಖ್ಯೆಗೆ ಹಣ ತೆತ್ತವನು ಮೋಸಹೋಗಬಹುದು. ನಮ್ಮ ವಿದ್ಯಾರ್ಥಿಗಂತೂ ಈ ಗೊಂದಲವೇ ಇರಲಿಲ್ಲ. ಅವನ ಯಂತ್ರವು ಕೊಡದುದನ್ನು ತೆರೆಯು ತೋರಿಸುವುದೆಂತು?

ಇನ್ನು ಮೂರನೆಯದೂ, ನಮ್ಮ ಮತದಲ್ಲಿ ಅತ್ಯಂತ ಮುಖ್ಯವಾದದ್ದೂ ಆದ ವಿಳಂಬ. ಎಲೆಕ್ಟ್ರಾನಿಕ್ ಆಟಗಳಲ್ಲಿ ಬಹು ಹಳೆಯದೊಂದನ್ನು ರಚಿಸಿದವನು ಭೌತವಿಜ್ಞಾನಿಯೇ. 1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಬರುವ ಸಂದರ್ಶಕರ ವಿನೋದಕ್ಕಾಗಿ ವಿಲಿಯಂ ಹಿಗಿನ್‌ಬಾಟಮ್ ಎಂಬಾತನು ಆಸಿಲೋಸ್ಕೋಪಿನ ಸುಮಾರು 5 ಅಂಗುಲದ ತೆರೆಯ ಮೇಲೆ ಟೆನಿಸ್ ಆಟವನ್ನು ಮೂಡಿಸಿದನು. ಜನರು ಸಾಲುಗಟ್ಟಿ ನಿಂತು ಆಡಿದರು. ಅಷ್ಟು ಚಿಕ್ಕ ತೆರೆಯಲ್ಲಿ ಅಷ್ಟು ಸಂತೋಷವೆಲ್ಲಿಂದ? ಗುಂಡಿಯನ್ನೊತ್ತಿದೊಡನೆ ಎಲೆಕ್ಟ್ರಾನ್ ಕಿರಣವು ಬಾಗುತ್ತಿತ್ತು. ಕೈಗೂ ಕಣ್ಣಿಗೂ ನಡುವೆ ತಡೆಯಿರಲಿಲ್ಲ. ಇಂದಿನ ಟೆಲಿವಿಷನ್ನಾದರೋ ಬಂದ ಚಿತ್ರವನ್ನು ಒಡನೆಯೇ ತೋರಿಸುವುದಿಲ್ಲ. ಅದನ್ನು ಹಿಡಿದಿಟ್ಟು, ಬಣ್ಣವನ್ನು ತಿದ್ದಿ, ಅಂಚುಗಳನ್ನು ಹರಿತಗೊಳಿಸಿ, ಕೆಲವು ವೇಳೆ ಮುಂದಿನ ಚಿತ್ರಕ್ಕಾಗಿ ಕಾದು ಎರಡರ ನಡುವೆ ಕಲ್ಪಿತ ಚಿತ್ರವೊಂದನ್ನು ಹೊಸೆದು, ಆಮೇಲೆ ತೋರಿಸುವುದು. ಚಲನಚಿತ್ರಕ್ಕೆ ಇದರಿಂದ ಬಾಧೆಯಿಲ್ಲ. ಧ್ವನಿಯನ್ನೂ ಅಷ್ಟೇ ತಡಮಾಡಿದರಾಯಿತು. ಆಟದಲ್ಲಿ ಮನುಷ್ಯನ ಕೈಯೂ ಸೇರಿರುವುದರಿಂದ ಹಾಗೆ ಸರಿದೂಗಿಸಲು ಬರುವುದಿಲ್ಲ.

ಈ ತಡವು ಸಾಮಾನ್ಯ ಸ್ಥಿತಿಯಲ್ಲಿ ಅನೇಕ ಟೆಲಿವಿಷನ್ನುಗಳಲ್ಲಿ 50ರಿಂದ 100 ಮಿಲಿಸೆಕೆಂಡುಗಳವರೆಗೆ ಇರುವುದುಂಟು. ಕಣ್ಣು ಕಂಡುದಕ್ಕೆ ಕೈ ಪ್ರತಿಕ್ರಿಯಿಸಲು ಬೇಕಾಗುವ ಕಾಲವೇ ಸುಮಾರು 200 ಮಿಲಿಸೆಕೆಂಡು ಎಂಬುದರೊಡನೆ ಇದನ್ನು ಹೋಲಿಸಿರಿ. ಕ್ರಿಕೆಟ್ ಆಟದಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುವುದು. 100 ಮಿಲಿಸೆಕೆಂಡು ತಡವಿರುವ ತೆರೆಯಲ್ಲಿ ಚೆಂಡು ಎಲ್ಲಿ ಕಾಣುವುದೋ, ಯಂತ್ರದ ಲೆಕ್ಕದಲ್ಲಿ ಅದು ಅಲ್ಲಿಂದ 3.9 ಮೀಟರ್ ಮುಂದೆ ಬಂದಿರುವುದು! ತಡವು 15 ಮಿಲಿಸೆಕೆಂಡಿಗೆ ಇಳಿದರೆ ಈ ಅಂತರ 0.6 ಮೀಟರಿಗೆ ಇಳಿಯುವುದು.

ಭೌತಶಾಸ್ತ್ರವನ್ನು ಬೋಧಿಸುವ ನಾವೇ ಈ ವಿಷಯದಲ್ಲಿ ಎಡವಿದೆವೆಂದು ಒಪ್ಪಿಕೊಳ್ಳಲೇಬೇಕು. ನಮ್ಮ ಮನೆಗೆ 55 ಅಂಗುಲದ ಟೆಲಿವಿಷನ್ ತಂದಾಗ ನಾವು ನೋಡಿದ್ದು ಗಾತ್ರವನ್ನೂ ಅಂಗಡಿಯಲ್ಲಿ ಝಗಝಗಿಸುತ್ತಿದ್ದ ಬಣ್ಣವನ್ನೂ ಮಾತ್ರ. ನಮ್ಮ ಅಕ್ಕನ ಮಗನು ಆಡಲು ಕುಳಿತು, "ಮಾವ, ಬ್ಯಾಟು ಯಾವಾಗಲೂ ತಡವಾಗಿ ಬೀಸುತ್ತದೆ" ಎಂದು ದೂರಿದಾಗ ಅವನ ಕೈಚಳಕವನ್ನೇ ಶಂಕಿಸಿದೆವು. ಕೆಲವು ದಿನಗಳ ಮೇಲೆ ಟೆಲಿವಿಷನ್ನಿನ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಎಂಬುದು ಕಣ್ಣಿಗೆ ಬಿತ್ತು. ಚಿತ್ರವನ್ನು ತಿದ್ದುವ ಬಹುಪಾಲು ಕೆಲಸಗಳನ್ನು ಇದು ಬಿಟ್ಟುಬಿಡುವುದರಿಂದ ತಡವು ಅನೇಕ ಟೆಲಿವಿಷನ್ನುಗಳಲ್ಲಿ 10–20 ಮಿಲಿಸೆಕೆಂಡುಗಳಿಗೆ ಇಳಿಯುವುದು. ಅದನ್ನು ಒತ್ತಿದ ದಿನವೇ ದೂರು ನಿಂತಿತು. ಖರ್ಚು ಒಂದು ಕಾಸೂ ಇಲ್ಲ. ಹುಡುಗನಿಗೆ ಹೇಳಬೇಕಾದ ಕ್ಷಮೆ ಮಾತ್ರ.

ವಾಚಕರು ಇದನ್ನು ತಾವೇ ಅಳೆಯಬಹುದು. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ಕ್ಯಾಮೆರಾ ಇಂದು ಅನೇಕ ಮೊಬೈಲುಗಳಲ್ಲಿದೆ. ಗುಂಡಿಯ ಮೇಲಿನ ಹೆಬ್ಬೆರಳೂ ತೆರೆಯೂ ಒಟ್ಟಿಗೆ ಕಾಣುವಂತೆ ಅದನ್ನು ನಿಲ್ಲಿಸಿ ಚಿತ್ರೀಕರಿಸಿ, ಬೆರಳು ಒತ್ತಿದ ಚಿತ್ರದಿಂದ ಆಟಗಾರನು ಅಲುಗಿದ ಚಿತ್ರದವರೆಗೆ ಎಣಿಸಿರಿ. ಒಂದೊಂದು ಚಿತ್ರಕ್ಕೂ 4.2 ಮಿಲಿಸೆಕೆಂಡು. ಈ ಮೊತ್ತದಲ್ಲಿ ಆಟದ ಯಂತ್ರದ ತಡವೂ ಸೇರಿರುವುದು. ಆದುದರಿಂದ ಬೇರೇನನ್ನೂ ಬದಲಿಸದೆ, ಗೇಮ್ ಮೋಡ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಎಣಿಸಬೇಕು. ಮೊದಲ ಸಲ 36, ಎರಡನೆಯ ಸಲ 20 ಬಂದಿತೆಂದಿಟ್ಟುಕೊಂಡರೆ, 16 ಚಿತ್ರಗಳ ವ್ಯತ್ಯಾಸ, ಎಂದರೆ ಸುಮಾರು 67 ಮಿಲಿಸೆಕೆಂಡುಗಳ ತಡವು ಟೆಲಿವಿಷನ್ನಿನದೇ ಎಂದು ಸಿದ್ಧವಾಗುವುದು. ಹತ್ತು ಬಾರಿ ಅಳೆದು ಸರಾಸರಿ ತೆಗೆದರೆ ಇನ್ನೂ ಉತ್ತಮ.

ಬಣ್ಣ, ಬೆಳಕುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲೆಂದು ಅಲ್ಲಿಯ ತೆರೆಗಳನ್ನು ಅತಿ ಪ್ರಖರವಾಗಿ ಹೊಂದಿಸಿರುವರು. ತಗ್ಗಾದ ಮಾಡಿನ, ಮಳೆಗಾಲದಲ್ಲಿ ಹಗಲೂ ಮಬ್ಬಾಗಿರುವ ಮಲೆನಾಡಿನ ಮನೆಗೆ ಅಷ್ಟು ಪ್ರಖರತೆ ಬೇಕಿಲ್ಲ. ತೆರೆಯ ಅಂಗುಲಗಳು 43ರಿಂದ 65ಕ್ಕೆ ಒಂದೂವರೆ ಪಟ್ಟು ಏರಿದರೆ ವಿಸ್ತೀರ್ಣವು ಸುಮಾರು 2.3 ಪಟ್ಟು ಏರುವುದು. ಅದೇ ಪ್ರಕಾಶಕ್ಕೆ ಬೇಕಾಗುವ ವಿದ್ಯುತ್ತೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಏರುವುದು. ಸೂಪಾ ಅಣೆಕಟ್ಟು ಜೋಯಿಡಾ ತಾಲ್ಲೂಕಿನಲ್ಲಿಯೇ ಇದ್ದು, ಕಾಳಿಯ ನೀರು ನಾಡಿಗೆಲ್ಲ ವಿದ್ಯುತ್ತನ್ನು ಕೊಡುತ್ತಿದೆಯಾದರೂ, ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಮಳೆಗಾಲದಲ್ಲಿ ಕೊಂಬೆ ಬೀಳುವುದು ತಪ್ಪದು. ಇಂಥ ಊರಿನಲ್ಲಿ ಮನೆಯ ‘ಅರ್ತ್’ ಸರಿಯಾಗಿರುವುದೂ, ಗುಡುಗು ಕೇಳಿಸುವ ಮೊದಲೇ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡುವುದೂ ಹತ್ತು ಅಂಗುಲಗಳ ಹೆಚ್ಚಳಕ್ಕಿಂತ ಮೇಲು.

ದೊಡ್ಡ ತೆರೆ ಯಾರಿಗೂ ಬೇಡವೆಂದು ನಮ್ಮ ವಾದವಲ್ಲ. ಎಂಟು ಹತ್ತು ಜನ ಒಟ್ಟಿಗೆ ಕುಳಿತು ನೋಡುವ ಮನೆಯಲ್ಲಿ ಎಲ್ಲರ ಚಾಪೆಯನ್ನೂ ಮುಂದಕ್ಕೆ ಎಳೆಯಲಾಗದು. 120ರ ವೇಗದ ತೆರೆಗಳು ಚಿಕ್ಕ ಗಾತ್ರದಲ್ಲಿ ಕಡಿಮೆ ದೊರೆಯುವುದೂ ನಿಜ. ನಾಳೆ ಹೊಸ ಯಂತ್ರ ಬಂದರೆ ಬೇಕಾಗುವುದಲ್ಲವೆ ಎಂದು ಕೇಳುವವರೂ ಇರುವರು. ನಾಳೆಯ ಯಂತ್ರಕ್ಕೆ ನಾಳೆಯ ತೆರೆಯನ್ನು ನೋಡಿಕೊಳ್ಳಬಹುದು. ಆದರೆ ಸೋರುವ ಮಾಡು ನಾಳೆಯವರೆಗೆ ಕಾಯುವುದಿಲ್ಲ.

ನಾವು ವಿದ್ಯಾರ್ಥಿಗೆ ಇಂಥದನ್ನೇ ಕೊಳ್ಳೆಂದು ಹೇಳಲಿಲ್ಲ. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ಮೂರು ತೆರೆಗಳ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚು, ಮನೆಯವರನ್ನೆಲ್ಲ ಕೂರಿಸಿ ಕೇಳು, ಅಂಗಡಿಯಲ್ಲಿ ಗೇಮ್ ಮೋಡಿನ ತಡವೆಷ್ಟೆಂದು ವಿಚಾರಿಸು ಎಂದಷ್ಟೇ ಹೇಳಿದೆವು. ಚೌತಿಯ ರಜೆಯಲ್ಲಿ ಅವನ ಮನೆಗೆ ಹೋದಾಗ ಗೋಡೆಯ ಮೇಲೆ 43 ಅಂಗುಲದ ತೆರೆಯೂ, ಮಾಡಿನ ಮೇಲೆ ಹೊಸ ಹಂಚೂ ಇದ್ದುವು.

ವಿದ್ಯಾರ್ಥಿ ಮಿತ್ರರೇ, ಮಾರುವವನು ಸಂಖ್ಯೆಯೊಂದನ್ನು ಹೇಳಿದಾಗ ಅದು ಯಾವ ಪರಿಮಾಣದ ಅಳತೆ, ಅದನ್ನು ಹೇಗೆ ಅಳೆದರು, ಅದು ನಮ್ಮ ಮನೆಗೆ ಹೇಗೆ ಅನ್ವಯಿಸುವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಕೋನ, ವೇಗ, ಕಾಲ ಇವುಗಳನ್ನು ನೀವು ಪರೀಕ್ಷೆಗಾಗಿ ಮಾತ್ರ ಕಲಿತಿಲ್ಲ. ಮನೆಯ ಹಣವು ಕೈಯಿಂದ ಹೋಗುವ ಹೊತ್ತಿನಲ್ಲಿ ಅವು ಉಪಯೋಗಕ್ಕೆ ಬಾರದಿದ್ದರೆ ಕಲಿತು ಫಲವೇನು?